ಹಗೇವೂ ಅಟ್ಟವೂ: ಆಪತ್ಕಾಲಕ್ಕೆ ಮನೆಯ ಸಿದ್ಧತೆ

(ಅರಸೀಕೆರೆ ಸೀಮೆಯ ಗ್ರಾಮ ಮುಖಂಡರ ಮತ್ತು ಜಮೀನುದಾರರ ಗಮನಕ್ಕೆ)

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಡುವವನನ್ನು ಕಂಡು ನಗದವರಿಲ್ಲ. ಆದರೆ ಮಳೆ ತಪ್ಪಿದ ಮೇಲೆ ರಾಗಿಯನ್ನೂ, ಬಾವಿ ಬತ್ತಿದ ಮೇಲೆ ನೀರನ್ನೂ, ಸಂತೆ ನಿಂತ ಮೇಲೆ ಸಾಬೂನನ್ನೂ ಹುಡುಕಿಕೊಂಡು ಹೊರಡುವ ಗೃಹಸ್ಥನ ನಡತೆಯು ಇದಕ್ಕಿಂತ ಹೆಚ್ಚು ಜಾಣತನದ್ದೆಂದು ಹೇಳಲಾಗದು. ಆಪತ್ತು ಬಂದ ದಿನ ಕೂಡಿಡಲು ಆಗುವುದಿಲ್ಲ. ಕೂಡಿಡುವ ಕಾಲವೆಂದರೆ ಸುಗ್ಗಿಯ ಕಾಲ.

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ಮಲೆನಾಡಿನ ಸಕಲೇಶಪುರ ಇರುವುದು. ಪೂರ್ವದ ಕಡೆ ಬಯಲುಸೀಮೆಯ ಅರಸೀಕೆರೆ ಇರುವುದು. ಜಿಲ್ಲೆ ಒಂದೇ ಆದರೂ ಮಳೆ ಒಂದೇ ಅಲ್ಲ. ಅರಸೀಕೆರೆಯಲ್ಲಿ ವರ್ಷಕ್ಕೆ ಸರಾಸರಿ ಮೂವತ್ತು ಅಂಗುಲಕ್ಕೂ ಕಡಮೆ ಮಳೆಯಾಗುವುದು. ಅದೂ ಕಾಲಕ್ಕೆ ಸರಿಯಾಗಿ ಬೀಳುವುದೆಂಬ ಭರವಸೆಯಿಲ್ಲ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುವರು. ಕೂಡಿಟ್ಟಲ್ಲದೆ ಈ ನೆಲದಲ್ಲಿ ಬಾಳು ಸಾಗದೆಂಬುದನ್ನು ಹೊಯ್ಸಳರ ಕಾಲದವರೇ ತಿಳಿದಿದ್ದರು. ಅವರು ನೀರನ್ನು ಕೆರೆಯಲ್ಲಿ ಕೂಡಿಟ್ಟರು. ಅನಂತರದ ಒಕ್ಕಲು ಮಕ್ಕಳು ರಾಗಿಯನ್ನು ಹಗೇವಿನಲ್ಲಿಯೂ ಕೊಬ್ಬರಿಯನ್ನು ಅಟ್ಟದಲ್ಲಿಯೂ ಕೂಡಿಟ್ಟರು. ಇಂದು ಅಟ್ಟ ಉಳಿದಿದೆ. ಹಗೇವುಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಇದರ ಅಪಾಯವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ತೆಂಗಿನ ಬರವು ತಡವಾಗಿ ಬರುವುದು

ಈಚಿನ ದಶಕಗಳಲ್ಲಿ ಕಸಬೆ, ಬಾಣಾವರ, ಗಂಡಸಿ, ಕಣಕಟ್ಟೆ, ಜಾವಗಲ್ ಹೋಬಳಿಗಳಲ್ಲಿ ಎಷ್ಟೋ ರಾಗಿಯ ಹೊಲಗಳು ತೆಂಗಿನ ತೋಟಗಳಾಗಿವೆ. ತೆಂಗು ಕೈಗೆ ಹಣ ತರುವ ಮರ; ಅದನ್ನು ನೆಟ್ಟವರನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ “ಕೊಬ್ಬರಿ ಮಾರಿದರೆ ರಾಗಿ ಬರುತ್ತದೆ, ಮನೆಯಲ್ಲಿ ರಾಗಿಯನ್ನೇಕೆ ತುಂಬಬೇಕು?” ಎಂಬ ಮಾತು ಮಳೆಯಾದ ವರ್ಷಗಳಿಗೆ ಮಾತ್ರ ಸಲ್ಲತಕ್ಕದ್ದು.

ಏತಕ್ಕೆಂದರೆ, ತೆಂಗಿನ ಮರದ ಲೆಕ್ಕವೇ ಬೇರೆ. ಮರದ ಸುಳಿಯೊಳಗೆ ಹೊಂಬಾಳೆಯ ಮೊಳಕೆ ಹುಟ್ಟಿದ ಮೇಲೆ ಅದು ಹೊರಬಂದು ಬಿರಿಯುವುದಕ್ಕೆ ಸುಮಾರು 32 ತಿಂಗಳು ಬೇಕು. ಬಿರಿದ ಹೊಂಬಾಳೆಯ ಕಾಯಿ ಬಲಿಯುವುದಕ್ಕೆ ಮತ್ತೆ 12 ತಿಂಗಳು ಹಿಡಿಯುವುದು. ಆದುದರಿಂದ ಈ ವರ್ಷದ ಮಳೆ ತಪ್ಪಿದರೆ ಅದರ ಪೆಟ್ಟು ಈ ವರ್ಷದ ಕಾಯಿಗಳಲ್ಲಿ ಪೂರ್ತಿ ಕಾಣುವುದಿಲ್ಲ. ಮುಂದಿನ ವರ್ಷ ಹರಳು ಉದುರುವುವು. ಅದರ ಮುಂದಿನ ವರ್ಷ ಗೊನೆಗಳು ಬಡವಾಗುವುವು. ಮಳೆ ಮರಳಿ ಬಂದು ನೆರೆಯವರ ಹೊಲ ಹಸಿರಾಗಿರುವಾಗಲೂ ತೋಟದವನ ಬರ ಮುಗಿದಿರುವುದಿಲ್ಲ. ರಾಗಿಯ ಬರ ಒಂದು ಬೆಳೆಯದು. ತೆಂಗಿನ ಬರ ಎರಡು ಮೂರು ವರ್ಷದ್ದು.

ಮೊದಲನೆಯ ವರ್ಷ ರಾಗಿಯ ಬೆಲೆ ಏರುವುದು. ಎರಡನೆಯ ವರ್ಷ ಮಾರಲು ಕೊಬ್ಬರಿಯೇ ಕಡಮೆಯಾಗುವುದು. ಅಟ್ಟದಲ್ಲಿನ ಸರಕನ್ನು ನಂಬಿದವನು ಎರಡು ಕಡೆಯಿಂದಲೂ ಸಿಕ್ಕಿಬೀಳುವನು. ತೋಟವು ಹೆಚ್ಚಿದಷ್ಟೂ ಹಗೇವು ಹೆಚ್ಚು ಬೇಕಾಗುವುದೇ ಹೊರತು ಕಡಮೆಯಲ್ಲ.

ಹಿಂದಿನವರು ಪಟ್ಟ ಪಾಡು

1876 ರಿಂದ 1878 ರ ವರೆಗೆ ಮೈಸೂರು ಸೀಮೆಯನ್ನು ಹಾಳುಮಾಡಿದ ಧಾತು ಈಶ್ವರ ಸಂವತ್ಸರಗಳ ಬರವನ್ನು ಹಿರಿಯರ ಬಾಯಲ್ಲಿ ಕೇಳದವರು ಕಡಮೆ. 1871 ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು 1881 ರಲ್ಲಿ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಆಗ ರೈಲು ಬೆಂಗಳೂರಿನವರೆಗೆ ಮಾತ್ರ ಬರುತ್ತಿದ್ದಿತು. ಅಲ್ಲಿಂದ ಒಳನಾಡಿಗೆ ಧಾನ್ಯವನ್ನು ಎತ್ತಿನ ಗಾಡಿಗಳೇ ಒಯ್ಯಬೇಕಾಗಿದ್ದಿತು. ಮೇವು ನೀರಿಲ್ಲದೆ ಎತ್ತುಗಳು ಬಿದ್ದುಹೋದುವು. ಅರಸೀಕೆರೆಯ ಮೂಲಕ ಹರಿಹರಕ್ಕೆ ಹೋಗುವ ರೈಲುದಾರಿ ಪೂರ್ಣವಾದುದು 1889 ರಲ್ಲಿ.

ರೈಲು ಬಂದಮೇಲೆ ಭಯವಿಲ್ಲವೆಂದು ತಿಳಿದವರಿಗೆ ಎರಡನೆಯ ಮಹಾಯುದ್ಧವು ಬೇರೊಂದು ಪಾಠವನ್ನು ಕಲಿಸಿತು. 1942 ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾದೊಡನೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು; ಮರುವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಈಚೆಗೆ 2020 ರ ಮಾರ್ಚಿ ತಿಂಗಳಲ್ಲಿ ಸಾಂಕ್ರಾಮಿಕದ ಕಾರಣ ದೇಶವೆಲ್ಲ ಬಾಗಿಲು ಮುಚ್ಚಿದಾಗ ಬರವೂ ಇರಲಿಲ್ಲ, ಯುದ್ಧವೂ ಇರಲಿಲ್ಲ. ಆದರೂ ಸಂತೆ ನಿಂತಿತು, ಲಾರಿಗಳು ನಿಂತುವು. 2023 ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಆಪತ್ತು ಬೇರೆ ಬೇರೆ ವೇಷದಲ್ಲಿ ಬಂದರೂ ಮನೆಯವನನ್ನು ಕೇಳುವ ಪ್ರಶ್ನೆ ಒಂದೇ: ಸಂತೆ ಇಲ್ಲದೆ ಎಷ್ಟು ದಿನ ಇರಬಲ್ಲೆ?

ಸರ್ಕಾರದ ಪಡಿತರವಿಲ್ಲವೇ ಎಂದು ಕೆಲವರು ಕೇಳಬಹುದು. 2013 ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಮೇರೆಗೆ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯುವುದು ದೊಡ್ಡ ಆಸರೆಯೇ ಸರಿ. ಆದರೆ ಅದು ದಿನಕ್ಕೆ ಸುಮಾರು 165 ಗ್ರಾಂ ಆಗುವುದು. ಹೊಲದಲ್ಲಿ ದುಡಿಯುವ ಆಳಿಗೆ ದಿನಕ್ಕೆ 450 ಗ್ರಾಂ ಆದರೂ ಧಾನ್ಯ ಬೇಕು. ಉಳಿದದ್ದು ಮನೆಯ ಕಣಜದಿಂದಲೇ ಬರಬೇಕು.

ಒಂದು ಮನೆಗೆ ಎಷ್ಟು ರಾಗಿ?

ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು ಇರುವ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ದೊಡ್ಡವರಿಗೆ ದಿನಕ್ಕೆ ತಲಾ 450 ಗ್ರಾಂ, ಮಕ್ಕಳಿಗೆ ತಲಾ 250 ಗ್ರಾಂ ಎಂದರೆ ದಿನಕ್ಕೆ 2 ಕಿಲೋ 300 ಗ್ರಾಂ. ವರ್ಷಕ್ಕೆ ಸುಮಾರು ಎಂಟೂವರೆ ಕ್ವಿಂಟಾಲ್. ಒಳ್ಳೆಯ ಮಳೆಯಾದ ವರ್ಷ, ಒಳ್ಳೆಯ ತಳಿ ಬಿತ್ತಿ ಗೊಬ್ಬರ ಹಾಕಿದ ಒಂದು ಎಕರೆ ಖುಷ್ಕಿಯಲ್ಲಿ ಇಷ್ಟು ರಾಗಿ ಬೆಳೆಯಬಹುದು. ಆದುದರಿಂದ ಎಷ್ಟೇ ತೋಟವಿರಲಿ, ಮನೆಯೊಂದಕ್ಕೆ ಒಂದು ಎಕರೆ ರಾಗಿಯ ಹೊಲವನ್ನು ಉಳಿಸಿಕೊಳ್ಳತಕ್ಕದ್ದು. ಅನುಕೂಲವುಳ್ಳವರು ಎರಡು ವರ್ಷದ ರಾಗಿಯನ್ನು ಕೂಡಿಡುವುದು ತೆಂಗಿನ ಬರದ ಲೆಕ್ಕಕ್ಕೆ ಸರಿಹೊಂದುವುದು.

ಕೂಡಿಡುವುದಕ್ಕೆ ರಾಗಿಯಷ್ಟು ಯೋಗ್ಯವಾದ ಧಾನ್ಯ ಮತ್ತೊಂದಿಲ್ಲ. ಕಾಳು ಸಣ್ಣದಾದುದರಿಂದ ನುಸಿ ಹುಳುಗಳು ಅದರೊಳಗೆ ಬೆಳೆಯಲಾರವು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಶ್ರೀರಾಮನು ಬತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ ಪರೀಕ್ಷೆ ಮಾಡುವನು. ಸೆರೆಯಿಂದ ಹೊರಬಂದಾಗ ಬತ್ತವು ಕಂದಿರುವುದು, ರಾಗಿಯು ಕಂದಿರುವುದಿಲ್ಲ. ಕಥೆಯ ತಿರುಳನ್ನು ಒಕ್ಕಲಿಗನು ತನ್ನ ಹಗೇವಿನಲ್ಲಿ ಪ್ರತಿ ವರ್ಷವೂ ಕಂಡಿದ್ದನು. ಆದರೆ ಹಿಟ್ಟು ಬೇಗ ಕೆಡುವುದು. ಕಾಳಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟೇ ಬೀಸಿಕೊಳ್ಳಬೇಕು.

ಹಗೇವನ್ನು ತೋಡುವ ಕ್ರಮ

ಹಗೇವಿಗೆ ಊರಿನ ಎತ್ತರವಾದ, ಗಟ್ಟಿಯಾದ ಗರಸು ನೆಲವನ್ನು ಆರಿಸಬೇಕು. ಮಳೆಗಾಲದಲ್ಲಿಯೂ ಒಸರು ಬಾರದಿರಬೇಕು. ಕೊಟ್ಟಿಗೆ, ತಿಪ್ಪೆಗುಂಡಿ, ದೊಡ್ಡ ಮರದ ಬೇರು ಇವುಗಳಿಂದ ದೂರವಿರಬೇಕು. ನಾಲ್ಕಡಿ ಅಗಲದ ದುಂಡು ಗುಂಡಿಯಲ್ಲಿ ಪ್ರತಿ ಮೂರೂವರೆ ಅಡಿ ಆಳಕ್ಕೆ ಸುಮಾರು ಎಂಟೂವರೆ ಕ್ವಿಂಟಾಲ್ ರಾಗಿ ಹಿಡಿಯುವುದು. ಏಳಡಿಯಾದರೆ ಎರಡು ವರ್ಷದ ರಾಗಿ. ಹುಲ್ಲಿನ ಹಾಸಿಗೆ ಮತ್ತು ಕತ್ತಿನ ಎತ್ತರಕ್ಕೆಂದು ಇನ್ನೂ ಸ್ವಲ್ಪ ಆಳ ಬೇಕಾಗುವುದು. ಬಾಯಿ ಒಬ್ಬ ಆಳು ಇಳಿಯುವಷ್ಟು ಮಾತ್ರ ಕಿರಿದಾಗಿರಬೇಕು.

ತೋಡಿದ ಗುಂಡಿಯೊಳಗೆ ಹುಲ್ಲು ಸೌದೆ ಉರಿಸಿ ಗೋಡೆಗಳನ್ನು ಒಣಗಿಸಬೇಕು. ಪೂರ್ತಿ ಆರಿದ ಮೇಲೆ ತಳಕ್ಕೆ ಒಣಹುಲ್ಲನ್ನು ದಪ್ಪವಾಗಿ ಹಾಸಿ, ಸುತ್ತಲೂ ಹುಲ್ಲನ್ನು ಒತ್ತಾಗಿ ಕೊಟ್ಟು ರಾಗಿ ತುಂಬಬೇಕು. ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಕಲ್ಲು ಮುಚ್ಚಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಮಳೆಯ ನೀರು ಹರಿದುಹೋಗುವಂತೆ ಮಣ್ಣಿನ ದಿಬ್ಬ ಮಾಡಬೇಕು.

ತುಂಬುವ ರಾಗಿಯು ಚೆನ್ನಾಗಿ ಒಣಗಿರುವುದೇ ಮುಖ್ಯ. ಇದಕ್ಕೆ ಸುಲಭವಾದ ಪರೀಕ್ಷೆಯೊಂದುಂಟು. ಒಣಗಿದ ಗಾಜಿನ ಸೀಸೆಯಲ್ಲಿ ಮೂರರಲ್ಲೊಂದು ಭಾಗ ರಾಗಿಯನ್ನೂ ಒಂದೆರಡು ಚಮಚ ಒಣ ಉಪ್ಪಿನ ಪುಡಿಯನ್ನೂ ಹಾಕಿ, ಬಿರಟೆ ಬಿಗಿದು, ಕೆಲವು ನಿಮಿಷ ಅಲುಗಿಸಿ ಇಡಬೇಕು. ಉಪ್ಪು ಗಾಜಿಗೆ ಮೆತ್ತಿಕೊಂಡರೆ ರಾಗಿಯಲ್ಲಿ ಇನ್ನೂ ಹಸಿಯಿದೆಯೆಂದು ತಿಳಿದು ಬಿಸಿಲಿಗೆ ಹಾಕಬೇಕು. ಮೆತ್ತಿಕೊಳ್ಳದಿದ್ದರೂ ಒಂದೆರಡು ದಿನ ಹೆಚ್ಚಾಗಿಯೇ ಒಣಗಿಸುವುದು ಮೇಲು. ಹಗೇವಿಗೆ ನೆಲವಿಲ್ಲದವರು ಬಿಗಿಯಾದ ಮುಚ್ಚಳದ ತಗಡಿನ ಕಣಜವನ್ನು ಉಪಯೋಗಿಸಬಹುದು.

ಹಗೇವನ್ನು ತೆರೆಯುವಾಗ ಪ್ರಾಣಾಪಾಯವುಂಟೆಂಬುದನ್ನು ಮನೆಯ ಪ್ರತಿಯೊಬ್ಬನಿಗೂ ತಿಳಿಸಿರಬೇಕು. ಮುಚ್ಚಿದ ಗುಂಡಿಯಲ್ಲಿ ಧಾನ್ಯವು ಉಸಿರಾಡಿ ಪ್ರಾಣವಾಯುವನ್ನು ಮುಗಿಸಿರುವುದು. ಗಾಳಿಗಿಂತ ಭಾರವಾದ ಇಂಗಾಲಾಮ್ಲವಾಯು ತಳದಲ್ಲಿ ನಿಂತಿರುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿ ತೆರೆದ ಮೇಲೆ ಒಂದು ಹಗಲು ರಾತ್ರಿ ಯಾರೂ ಇಳಿಯಕೂಡದು. ಮಕ್ಕಳು ಹತ್ತಿರ ಸುಳಿಯದಂತೆ ಕಾವಲಿರಬೇಕು. ಸೊಪ್ಪಿನ ಕಟ್ಟನ್ನು ಹಗ್ಗದಲ್ಲಿ ಇಳಿಸಿ ಎತ್ತಿ ಒಳಗಿನ ಗಾಳಿಯನ್ನು ಹಲವು ಬಾರಿ ಕಲಕಬೇಕು. ಆಮೇಲೆ ಲಾಂದ್ರವನ್ನು ತಳದವರೆಗೆ ಇಳಿಸಿ ನೋಡಬೇಕು. ದೀಪ ಮಂಕಾದರೆ ಅಥವಾ ಆರಿದರೆ ಇಳಿಯುವ ಮಾತೇ ಇಲ್ಲ. ದೀಪ ಉರಿದ ಮಾತ್ರಕ್ಕೆ ಪೂರ್ತಿ ನಿರ್ಭಯವೆಂದೂ ತಿಳಿಯಲಾಗದು. ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಹಿಡಿದು, ಅವನೊಡನೆ ಮಾತನಾಡುತ್ತಲೇ ಇರಬೇಕು. ಒಳಗಿದ್ದವನು ಕುಸಿದರೆ ಹಗ್ಗದಿಂದ ಎಳೆಯಬೇಕೇ ಹೊರತು ಇನ್ನೊಬ್ಬನು ಹಿಂದೆ ಧುಮುಕಬಾರದು. ಧುಮುಕಿದರೆ ಒಂದರ ಬದಲು ಎರಡು ಹೆಣ ಎತ್ತಬೇಕಾದೀತು.

ಬಿತ್ತನೆ ಮತ್ತು ಬೇಳೆಕಾಳು

ಹಗೇವಿನಲ್ಲಿ ಬಹುಕಾಲ ಇದ್ದ ರಾಗಿ ಊಟಕ್ಕೆ ಬರುವುದೇ ಹೊರತು ಬಿತ್ತನೆಗೆ ನೆಚ್ಚತಕ್ಕದ್ದಲ್ಲ. ಮೊಳೆಯುವ ಶಕ್ತಿ ಕುಂದಿರುವುದು. ಬಿತ್ತನೆಯ ರಾಗಿಯನ್ನು ಬೇರೆಯಾಗಿ ಗುಡಾಣದಲ್ಲಿಯೋ ತಗಡಿನ ಡಬ್ಬಿಯಲ್ಲಿಯೋ ಪ್ರತಿ ವರ್ಷ ಹೊಸದಾಗಿ ತುಂಬಿಡಬೇಕು. ಎಕರೆಗೆ 5 ಕಿಲೋ ಸಾಕಾದರೂ 10 ಕಿಲೋ ಇಡುವುದು ಮೇಲು. ಮೊದಲ ಬಿತ್ತನೆ ಒಣಗಿಹೋದರೆ ಎರಡನೆಯದಕ್ಕೆ ಪರರ ಬಾಗಿಲು ಕಾಯಬೇಕಾಗುವುದಿಲ್ಲ.

ತೊಗರಿ, ಅವರೆ, ಹುರುಳಿಗಳಿಗೆ ಬೇಗ ಹುಳು ಹತ್ತುವುದು. ಒಣಗಿದ ಕಾಳಿನ ಪ್ರತಿ ಕಿಲೋವಿಗೆ ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆಯನ್ನು ಎಲ್ಲ ಕಾಳಿಗೂ ಹತ್ತುವಂತೆ ಸವರಿ ಬಿಗಿಯಾಗಿ ಮುಚ್ಚಿಟ್ಟರೆ ಹುಳುವಿನ ಉಪದ್ರವ ಬಹಳ ಕಡಮೆಯಾಗುವುದು. ಬಿತ್ತನೆಯ ಕಾಳಿಗೆ ಬೇವಿನ ಎಣ್ಣೆ ಸಾಕು.

ಮೇವು ಮತ್ತು ನೀರು

ಒಂದು ಜೊತೆ ಎತ್ತಿಗೆ ದಿನಕ್ಕೆ 12 ಕಿಲೋ ಒಣಮೇವಿನಂತೆ ಮಾಘದಿಂದ ವೈಶಾಖದವರೆಗಿನ ನಾಲ್ಕು ತಿಂಗಳಿಗೆ ಹದಿನಾಲ್ಕೂವರೆ ಕ್ವಿಂಟಾಲ್ ಹುಲ್ಲು ಬೇಕು. ಇಷ್ಟು ಹುಲ್ಲು ಮೆದೆಯಲ್ಲಿ ಉಳಿದಿದೆಯೆಂದು ಗೊತ್ತಾಗುವವರೆಗೆ ಒಂದು ಹೊರೆಯನ್ನೂ ಮಾರಬಾರದು. ಹುಲ್ಲನ್ನೆಲ್ಲ ಒಂದೇ ಮೆದೆಯಾಗಿ ಒಟ್ಟದೆ, ಮನೆಯಿಂದ ದೂರದಲ್ಲಿ ಎರಡು ಮೆದೆಗಳಾಗಿ ಒಟ್ಟಿದರೆ ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಉಳಿಯುವುದು.

ನೀರಿನ ವಿಚಾರದಲ್ಲಿ ಅರಸೀಕೆರೆ ಸೀಮೆಗೆ ಎರಡು ಕಷ್ಟಗಳುಂಟು. ಕೊಳವೆ ಬಾವಿಗಳು ಬತ್ತುವುದು ಒಂದು. ಆಳಕ್ಕೆ ಹೋದಂತೆ ಹಲವು ಬಾವಿಗಳ ನೀರಿನಲ್ಲಿ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಾಗಿರುವುದು ಇನ್ನೊಂದು. ಕುದಿಸಿದರೆ ರೋಗದ ಕ್ರಿಮಿಗಳು ಸಾಯುವುವು, ಫ್ಲೋರೈಡ್ ಹೋಗುವುದಿಲ್ಲ. ಎರಡಕ್ಕೂ ಸೇರಿದ ಉಪಾಯವೆಂದರೆ ಛಾವಣಿಯ ಮಳೆನೀರು. 1,000 ಚದರ ಅಡಿಯ ಛಾವಣಿಯ ಮೇಲೆ ಒಂದು ಅಂಗುಲ ಮಳೆಯಾದರೆ ಸುಮಾರು 2,300 ಲೀಟರ್ ನೀರು ಬೀಳುವುದು. ನಷ್ಟ ಕಳೆದು 1,800 ಲೀಟರ್ ಆದರೂ ತೊಟ್ಟಿಗೆ ಬರುವುದು. ಕುಡಿಯಲು ಅಡುಗೆಗೆ ತಲೆಗೆ 5 ಲೀಟರಿನಂತೆ ಆರು ಜನರ ಮನೆಗೆ ಇದು ಎರಡು ತಿಂಗಳಿಗೆ ಸಾಕು. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಅನಂತರದ್ದನ್ನು ಬಟ್ಟೆಯಲ್ಲಿ ಶೋಧಿಸಿ, ಬೆಳಕು ಬೀಳದಂತೆ ಮುಚ್ಚಿದ ತೊಟ್ಟಿಯಲ್ಲಿ ತುಂಬಿ, ಕುಡಿಯುವಾಗ ಕುದಿಸಿ ಆರಿಸಿಕೊಳ್ಳಬೇಕು.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಪದಾರ್ಥಗಳು

1914 ರ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರ ಕಳುಹಿಸುವುದು ನಿಂತಾಗ ಮೈಸೂರು ಸಂಸ್ಥಾನವು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1916 ರಲ್ಲಿ ಎಣ್ಣೆಯನ್ನು ತಾನೇ ಬಟ್ಟಿಯಿಳಿಸಲು ತೊಡಗಿ, ತರುವಾಯ ಆ ಎಣ್ಣೆಯಿಂದ ಹೆಸರಾಂತ ಸಾಬೂನನ್ನೂ ಮಾಡಿತು. ಸಂಸ್ಥಾನವು ದೊಡ್ಡದಾಗಿ ಮಾಡಿದುದನ್ನು ಒಕ್ಕಲು ಮನೆಯು ಚಿಕ್ಕದಾಗಿ ಮಾಡಬಹುದು.

ಸಾಬೂನು: ಅಟ್ಟದಲ್ಲಿ ಚೆನ್ನಾಗಿ ಒಣಗಿದ ಹತ್ತು ಕಿಲೋ ಕೊಬ್ಬರಿಯಿಂದ ಗಾಣದಲ್ಲಿ ಸುಮಾರು ಆರು ಕಿಲೋ ಎಣ್ಣೆ ಬರುವುದು. ಒಂದು ಕಿಲೋ ಕೊಬ್ಬರಿ ಎಣ್ಣೆಗೆ 170 ಗ್ರಾಂ ಕಾಸ್ಟಿಕ್ ಸೋಡವನ್ನೂ 350 ಗ್ರಾಂ ನೀರನ್ನೂ ತಕ್ಕಡಿಯಲ್ಲಿ ತೂಗಿ ತೆಗೆದುಕೊಳ್ಳಬೇಕು, ಅಂದಾಜು ಸಲ್ಲದು. ಸೋಡವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ನೀರನ್ನು ಸೋಡದ ಮೇಲೆ ಎಂದಿಗೂ ಸುರಿಯಬಾರದು, ಸಿಡಿಯುವುದು. ಅಲ್ಯೂಮಿನಿಯಂ ಪಾತ್ರೆ ಕೂಡದು. ತುಕ್ಕು ಹಿಡಿಯದ ಉಕ್ಕಿನದು ಆಗಬಹುದು. ಕೆಲಸವನ್ನು ಬಯಲಿನಲ್ಲಿ ಮಾಡಿ, ಕಣ್ಣು ಕೈಗಳಿಗೆ ಮರೆಯಿಟ್ಟುಕೊಂಡು, ಮಕ್ಕಳನ್ನು ದೂರವಿಡಬೇಕು. ಮೈಗೆ ಸಿಡಿದರೆ ಬಹಳ ಹೊತ್ತು ನೀರು ಸುರಿದು ತೊಳೆಯಬೇಕು. ಕಣ್ಣಿಗೆ ಸಿಡಿದರೆ ಹಾಗೆ ತೊಳೆದೊಡನೆಯೇ ವೈದ್ಯರಲ್ಲಿಗೆ ಹೋಗಬೇಕು. ನೀರೂ ಎಣ್ಣೆಯೂ ಉಗುರು ಬೆಚ್ಚಗಾದಾಗ ಸೋಡದ ನೀರನ್ನು ಎಣ್ಣೆಗೆ ನೂಲಿನಂತೆ ಬಿಡುತ್ತ ಒಂದೇ ಸಮನೆ ಕಲಕಿ, ಗಂಜಿಯಂತೆ ಗಟ್ಟಿಯಾದೊಡನೆ ಅಚ್ಚಿಗೆ ಸುರಿಯಬೇಕು. ಗಟ್ಟಿಯಾದ ಮೇಲೆ ಕತ್ತರಿಸಿ, ನೆರಳಿನಲ್ಲಿ ನಾಲ್ಕರಿಂದ ಆರು ವಾರ ಆರಿಸಿ ಉಪಯೋಗಿಸಬೇಕು. ಕೊಬ್ಬರಿ ಎಣ್ಣೆಯ ಸಾಬೂನು ಗಡಸು ನೀರಿನಲ್ಲಿಯೂ ನೊರೆ ಕೊಡುವುದರಿಂದ ಈ ಸೀಮೆಗೆ ಹೇಳಿಸಿದ್ದು. ಇದೂ ಇಲ್ಲದಾಗ ಅಂಟುವಾಳ ಸೀಗೆಗಳು ಇದ್ದೇ ಇವೆ.

ದೀಪದ ಎಣ್ಣೆ: ಬೇಸಗೆಯಲ್ಲಿ ಬದುಗಳ ಮೇಲಿನ ಹೊಂಗೆಯ ಕಾಯನ್ನು ಆರಿಸಿ, ಬೀಜ ಬಿಡಿಸಿ, ಗಾಣಕ್ಕೆ ಕೊಟ್ಟರೆ ದೀಪಕ್ಕೆ ಎಣ್ಣೆಯೂ ತೋಟಕ್ಕೆ ಹಿಂಡಿ ಗೊಬ್ಬರವೂ ದೊರೆಯುವುವು. ಎಣ್ಣೆ ಮಂದವಾದುದರಿಂದ ಅಗಲ ಬಾಯಿಯ ಹಣತೆಯಲ್ಲಿ ದಪ್ಪ ಬತ್ತಿಯಿಟ್ಟು ಉರಿಸಬೇಕು. ಹೊಂಗೆಯೆಣ್ಣೆ ತಿನ್ನತಕ್ಕದ್ದಲ್ಲ, ಡಬ್ಬಿಯ ಮೇಲೆ ಗುರುತು ಮಾಡಿ ಅಡುಗೆಮನೆಯಿಂದ ಹೊರಗಿಡಬೇಕು.

ಭೇದಿಯ ಉಪಚಾರ: ನೀರು ಕೆಟ್ಟ ಕಾಲದಲ್ಲಿ ವಾಂತಿ ಭೇದಿಗಳು ಹರಡುವುವು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಸಮಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ, ರೋಗಿಗೆ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಉಪ್ಪು ಹೆಚ್ಚಾದರೆ ಕೇಡು, ಅಳತೆ ತಪ್ಪಬಾರದು.

ಗ್ರಾಮ ಮುಖಂಡರ ಹೊಣೆ

ಜಮೀನುಳ್ಳವನು ತನ್ನ ಹಗೇವನ್ನು ತುಂಬಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ. ಬರದಲ್ಲಿ ಮೊದಲು ಹಸಿಯುವವರು ಕೂಲಿಯವರು. ಹೊಲದಲ್ಲಿ ಕೆಲಸವಿಲ್ಲದ ದಿನವೇ ಅವರ ಒಲೆ ಆರುವುದು. ಅವರು ಊರು ಬಿಟ್ಟು ಹೋದರೆ ಮಳೆ ಬಂದಾಗ ಉಳುವವರೂ ಕೊಯ್ಯುವವರೂ ಇರುವುದಿಲ್ಲ. ಅವರ ಹಸಿವಿನ ಲೆಕ್ಕವು ಜಮೀನುದಾರನ ಲೆಕ್ಕವೂ ಹೌದು.

ನೂರು ಒಕ್ಕಲಿನ ಊರಿನಲ್ಲಿ ಪ್ರತಿ ಮನೆಯವರೂ ಸುಗ್ಗಿಯಲ್ಲಿ ಕಣದಿಂದಲೇ 10 ಕಿಲೋ ರಾಗಿಯನ್ನು ತೆಗೆದಿಟ್ಟರೆ ಹತ್ತು ಕ್ವಿಂಟಾಲ್ ಆಗುವುದು. ತಲೆಗೆ 400 ಗ್ರಾಮಿನಂತೆ ಐದೈದು ಜನರ ಐದು ಬಡ ಮನೆಗಳನ್ನು ಇದು ನೂರು ದಿನ ಕಾಪಾಡುವುದು. ಮೂರು ಸುಗ್ಗಿ ಕೂಡಿಸಿದರೆ ಹದಿನೈದು ಮನೆಗಳು. ಈ ಊರೊಟ್ಟಿನ ಕಣಜಕ್ಕೆ ಎರಡು ಬೀಗವಿದ್ದು, ಬೀಗದ ಕೈಗಳು ಇಬ್ಬರ ಹತ್ತಿರ ಇರಬೇಕು. ತುಂಬಿದ್ದೂ ಕೊಟ್ಟದ್ದೂ ಎಲ್ಲರಿಗೂ ಕಾಣುವಂತೆ ಬರೆದಿರಬೇಕು. ಕಷ್ಟದಲ್ಲಿ ಪಡೆದವನು ಮುಂದಿನ ಸುಗ್ಗಿಯಲ್ಲಿ ಪಡೆದಷ್ಟನ್ನೇ ಅಳೆಯಲಿ. ಬಡ್ಡಿಯ ಆಸೆಗೆ ಇದು ಸ್ಥಳವಲ್ಲ.

ಇದರಲ್ಲಿ ಹೊಸ ಯಂತ್ರವೂ ಇಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಬೇಸಗೆಯಲ್ಲಿ ಹೊಂಗೆಬೀಜ ಆರಿಸುವುದು, ಮುಂಗಾರಿಗೆ ಮುಂಚೆ ತೊಟ್ಟಿ ತೊಳೆಯುವುದು, ಆಷಾಢ ಶ್ರಾವಣಗಳಲ್ಲಿ ಒಂದು ಎಕರೆ ರಾಗಿ ಬಿತ್ತುವುದು, ಮಾರ್ಗಶಿರ ಪುಷ್ಯಗಳಲ್ಲಿ ಕಣ ಮಾಡಿ ಹಗೇವು ತುಂಬುವುದು ಇಷ್ಟೇ ವರ್ಷದ ಕ್ರಮ. ಮೊದಲ ಕೆಲಸವನ್ನು ಮುಖಂಡರು ಈ ತಿಂಗಳೇ ಮಾಡಬಹುದು: ಊರಿನಲ್ಲಿ ಹಳೆಯ ಹಗೇವುಗಳು ಎಲ್ಲೆಲ್ಲಿ ಇದ್ದುವೆಂದು ವೃದ್ಧರನ್ನು ಕೇಳಿ ಗುರುತು ಹಾಕಿಸಿಕೊಳ್ಳತಕ್ಕದ್ದು. ಆ ಜಾಗಗಳನ್ನು ಬಲ್ಲವರು ಇನ್ನು ಕೆಲವರೇ ಉಳಿದಿದ್ದಾರೆ.